ಬರೀ ಅಂಚು

ಸಾಲ್ಮಿ ಕಾರ್ನರ್, ಮಿಷಿಗನ್
ಮಾರ್ಚ್ ತಿಂಗಳ ಎರಡನೇ ಭಾನುವಾರ

ಪ್ರೀತಿಯ ಲೆಂಪಿ ಅಕ್ಕ,

ಡುಲೂತ್‌ನಲ್ಲಿ ಕೂತೇ ನೀನು ಬರ್ನಿಸ್ ಓಯಾಲಾಳ ಬಾಯಿಂದ ಏನೇನು ಕೇಳಿದ್ದೀಯೋ ನಾನರಿಯೆ. ಅವಳು ಫೋನಿನಲ್ಲಿ ಹೇಳುವುದರಲ್ಲಿ ಅರ್ಧ ಸುದ್ದಿ, ಉಳಿದರ್ಧ ಬರ್ನಿಸ್. ನಮ್ಮೂರ ಸಭಾಭವನದ ಉಸ್ತುವಾರಿ ಸಿಕ್ಕಿದ ಮೇಲಂತೂ ಅವಳ ನಾಲಿಗೆಗೆ ಬಾಗಿಲೇ ಇಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ನಾನೇ ಬರೆದುಬಿಡೋಣ ಅಂತ ಒಲೆಗೆ ಸೌದೆ ತುಂಬಿ, ಕಾಫಿ ಬಗ್ಗಿಸಿಕೊಂಡು ಕೂತಿದ್ದೇನೆ. ಇದು ಜಂಬದ ಕಾಗದ, ಮೊದಲೇ ಹೇಳಿಬಿಡುತ್ತೇನೆ. ನಿನ್ನೆದುರು ಅಲ್ಲದೆ ಇನ್ಯಾರೆದುರು ಜಂಬ ಕೊಚ್ಚಿಕೊಳ್ಳಲಿ?

ಮೊದಲು ಒಂದು ಮಾತು. ನಾನು ಗಂಡ ಆರ್ವೋನ ಮನೆ ಬಿಟ್ಟು, ಖಾಲಿ ಬಿದ್ದಿದ್ದ ಅಮ್ಮನ ಮನೆಗೆ ಬಂದಾಗ ಕಾರಣ ಏನೆಂದು ನೀನು ಕೇಳಿದ್ದೆ. ಅವನ ಗೊರಕೆ, ಅವನ ನಾಯಿ, ಅವನ ಮೌನ ಅಂತೆಲ್ಲ ಹೇಳಿದ್ದೆ. ನೀನೂ ನಂಬಿದೆ, ಯಾಕೆಂದರೆ ಮೂರೂ ಇದ್ದದ್ದೇ. ಆದರೆ ಗೊರಕೆಯ ಜೊತೆ ನಾನು ಆಯಸ್ಸಿನ ಅರ್ಧ ಕಳೆದವಳು. ಅದಕ್ಕೆ ಹೆದರಿ ಓಡಿಹೋಗುವ ಹೆಂಗಸಲ್ಲ. ನಿಜವಾದ ಕಾರಣ ಹೇಳಿದರೆ ನೀನು ನಗುತ್ತೀಯೇನೋ ಅಂತ ಬಚ್ಚಿಟ್ಟೆ.

ಆರ್ವೋ ಮರದಲ್ಲಿ ಚಿತ್ರ ಕೊಯ್ಯುವುದನ್ನು ನೀನು ನೋಡಿದ್ದೀಯಲ್ಲ. ನೂಲಿನಷ್ಟು ತೆಳ್ಳನೆಯ ಅಲಗಿನ ಆ ಸ್ಕ್ರಾಲ್ ಗರಗಸದ ಮುಂದೆ ಕೂತರೆ ಅವನಿಗೆ ಊಟದ ನೆನಪೂ ಇರುವುದಿಲ್ಲ. ಹಲಗೆಯಲ್ಲಿ ತೂತು ಕೊರೆದು, ಅಲಗು ತೂರಿಸಿ, ಬೇಡದ್ದನ್ನು ಕೊಯ್ದು ಬೀಳಿಸಿ, ಉಳಿದದ್ದರಲ್ಲಿ ಜಿಂಕೆ, ಚರ್ಚು, ಹಡಗು, ಯಾರದೋ ಅಜ್ಜಿಯ ಮುಖ. ಆ ಚಿತ್ರಗಳಿಗೆಲ್ಲ ಚೌಕಟ್ಟು ಮಾಡುತ್ತಿದ್ದವಳು ನಾನು. ಚೆರ್ರಿ ಮರವೋ ಮೇಪಲ್ಲೋ ಆರಿಸಿ, ಪಟ್ಟಿ ಸೀಳಿ, ಹಿಂಬದಿಯಲ್ಲಿ ಚಿತ್ರ ಕೂರಲು ಕಚ್ಚು ತೆಗೆದು, ನಾಲ್ಕು ಮೂಲೆ ಓರೆಯಾಗಿ ಕೊಯ್ದು, ಅಂಟು ಹಾಕಿ ಬಿಗಿದು, ಉಜ್ಜಿ, ಎಣ್ಣೆ ಕುಡಿಸುವವರೆಗೆ ಎಲ್ಲ ನನ್ನದು. ಜಾತ್ರೆ ಪ್ರದರ್ಶನದಲ್ಲಿ ಮೊದಲ ಬಹುಮಾನದ ನೀಲಿ ರಿಬ್ಬನ್ನು ಅವನಿಗೆ ಬಂದಾಗ ನನಗೆ ಹೊಟ್ಟೆಕಿಚ್ಚಾಗಲಿಲ್ಲ, ದೇವರಾಣೆ. ರಿಬ್ಬನ್ನಿನ ಗೊಂಚಲನ್ನು ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದವಳೂ ನಾನೇ.

ಒಂದು ದಿನ ಪತ್ರಿಕೆಯ ಹುಡುಗಿಯೊಬ್ಬಳು ಬಂದಿದ್ದಳು, ಆರ್ವೋನ ಬಗ್ಗೆ ಬರೆಯಲು. ಏಲಕ್ಕಿ ಹಾಕಿದ ನಿಸು ರೊಟ್ಟಿ ಕೊಯ್ದು ತಟ್ಟೆಗೆ ಇಡುತ್ತಿದ್ದೆ. ಇಷ್ಟು ಚೆಂದದ ಚೌಕಟ್ಟು ಯಾರು ಮಾಡುತ್ತಾರೆ ಅಂತ ಅವಳು ಕೇಳಿದಳು. ಆರ್ವೋ ಚಿತ್ರದಿಂದ ಕಣ್ಣು ತೆಗೆಯದೆ ಹೇಳಿದ: “ಅದೇನಿಲ್ಲ ಬಿಡಿ. ಬರೀ ಅಂಚು. ಬಿದ್ದಿರೋ ತುಂಡಲ್ಲಿ ಜೋಡಿಸ್ತೀವಿ.”

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅದೇ ನನ್ನನ್ನು ಕೊಂದದ್ದು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವನು ನಂಬಿಕೊಂಡಿದ್ದನ್ನೇ ಹೇಳಿದ. ಆ ವಾರವೇ ನನ್ನ ಓರೆ-ಗರಗಸ, ಮೂಲೆ ಬಿಗಿಯುವ ಕ್ಲಾಂಪುಗಳು, ಒಣಗಲು ಇಟ್ಟಿದ್ದ ಚೆರ್ರಿ ಹಲಗೆಗಳನ್ನೆಲ್ಲ ಅಮ್ಮನ ಮನೆಯ ಗ್ಯಾರೇಜಿಗೆ ಸಾಗಿಸಿದೆ. ಬಟ್ಟೆ ಆಮೇಲೆ ತಂದದ್ದು.

ಆ ಗ್ಯಾರೇಜು ಈಗ ನೋಡಬೇಕು ನೀನು. ಕಿಟಕಿ ಕೆಳಗೆ ಉದ್ದಕ್ಕೆ ಕೆಲಸದ ಮೇಜು, ಗೋಡೆ ತುಂಬ ಕ್ಲಾಂಪು, ಮೂಲೆಯಲ್ಲಿ ಸೌದೆ ಒಲೆ. ಮೊದಲು ಬಂದವಳು ಆಸ್ಪತ್ರೆಯ ನರ್ಸ್ ಡೋರೀನ್. ಊರವರ ಸತ್ತುಹೋದ ನಾಯಿಗಳ ಚಿತ್ರ ಕೊಯ್ದುಕೊಡುವುದು ಅವಳ ಹವ್ಯಾಸ. ಅವಳ ನಾಯಿಗಳಿಗೆ ನಾನು ವಾಲ್‌ನಟ್ ಚೌಕಟ್ಟು ಕಟ್ಟಿದೆ. ಆಮೇಲೆ ಬರೀ ತೋಳಗಳ ಚಿತ್ರ ಕೊಯ್ಯುವ ಒಬ್ಬ ಲಾರಿ ಡ್ರೈವರ್, ಆಮೇಲೆ ಒಬ್ಬ ಪಾದ್ರಿ. ಈಗ ಸುತ್ತಲ ಊರುಗಳಲ್ಲಿ ಸ್ಕ್ರಾಲ್ ಗರಗಸ ಹಿಡಿದವರಿಗೆಲ್ಲ ನನ್ನ ಬಾಗಿಲು ಗೊತ್ತು. ನಮ್ಮ ಚಳಿಗಾಲದಲ್ಲಿ ಮನೆಯೊಳಗಿನ ಒಣ ಶಾಖಕ್ಕೆ ಮರ ಕುಗ್ಗಿ, ಎಂಥೆಂಥ ಚೌಕಟ್ಟೂ ಮೂಲೆಯಲ್ಲಿ ಬಾಯಿ ಬಿಡುತ್ತದೆ. ನನ್ನದು ಬಿಡುವುದಿಲ್ಲ. ಅಂಟು ಒಣಗಿದ ಮೇಲೆ ಮೂಲೆಗೆ ಸೀಳು ಹಾಕಿ ಅಡ್ಡಕ್ಕೆ ತೆಳು ಪಟ್ಟಿ ಕೂರಿಸುತ್ತೇನೆ. ಜಂಬ ಅಂದೆನಲ್ಲ, ಇದೇ ಅದು.

ಇನ್ನು ಈ ಚಳಿಗಾಲದ ಕತೆ. ಗಣಿ ಮುಚ್ಚಿ ಐವತ್ತು ವರ್ಷವಾಯಿತೆಂದು ಸಭಾಭವನದಲ್ಲಿ ಒಂದು ದೊಡ್ಡ ಚಿತ್ರ ಹಾಕಬೇಕೆಂದು ಬರ್ನಿಸ್ ಆರ್ವೋಗೆ ಹೇಳಿದ್ದಳು. ಅವನು ಕೊಯ್ದದ್ದು ನಮ್ಮ ಗಣಿಯ ಬಾಯಿ ಮೇಲಿದ್ದ ಗೋಪುರ. ಕೆಡವಿದರಲ್ಲ, ಅದು. ಚಳಿಗಾಲಪೂರ್ತಿ ಕೂತು ಕೊಯ್ದಿದ್ದಾನೆ. ಗೋಪುರದ ಉಕ್ಕಿನ ಹೆಣಿಗೆಯನ್ನೆಲ್ಲ ಬೆಂಕಿಕಡ್ಡಿಗಿಂತ ತೆಳ್ಳಗೆ ಉಳಿಸಿ, ಕೆಳಗೆ ಪಾಳಿಗೆ ಹೋಗುವ ಗಣಿಗಾರರ ಸಾಲು. ಫೆಬ್ರವರಿಯ ಒಂದು ಬೆಳಿಗ್ಗೆ ಅದನ್ನು ರಜಾಯಿಯಲ್ಲಿ ಸುತ್ತಿ, ಟ್ರಕ್ಕಿನಲ್ಲಿ ಹಾಕಿಕೊಂಡು ನನ್ನ ಬಾಗಿಲಿಗೆ ಬಂದ.

ಬಾಗಿಲು ತೆಗೆಯಬೇಡ ಅಂತ ನೀನು ಹೇಳಿದ್ದು ನೆನಪಿತ್ತು. ತೆಗೆದೆ, ಆದರೆ ಹೊಸ್ತಿಲಿಗೆ ಅಡ್ಡ ನಿಂತೆ. ಹಿಮದಲ್ಲಿ ನಿಂತುಕೊಂಡೇ ಒಂದು ಚೌಕಟ್ಟು ಬೇಕಿತ್ತು ಅಂದ.

“ಅಂಚಾ? ಅದಕ್ಕೇನಂತೆ,” ಅಂದೆ. “ನಿನ್ನ ನೆಲಮಾಳಿಗೇಲಿ ಬಿದ್ದಿರೋ ತುಂಡಲ್ಲೇ ಜೋಡಿಸ್ಕೊ.”

ಅವನು ತನ್ನ ಬೂಟು ನೋಡಿಕೊಂಡ. “ಜೋಡಿಸ್ದೆ ತೈಮಿ. ಮೂಲೆ ಬಾಯಿ ಬಿಡ್ತು.”

ಹಾಗಾದರೆ ಎಲ್ಲರ ಹಾಗೆ ಸರದಿಯಲ್ಲಿ ಕಾಯಿ, ಡೋರೀನಳ ನಾಯಿಗಳಾದ ಮೇಲೆ ನಿನ್ನ ಗಣಿ ಅಂದೆ. ಸರಿ ಅಂದು ಚಿತ್ರವನ್ನು ಒಳಗಿಟ್ಟು ಹೋದ. ಸಂಜೆಯೊಳಗೆ ಬರ್ನಿಸ್‌ಳ ಫೋನು: ಗಂಡ ಹೆಂಡತಿ ಜಗಳದಲ್ಲಿ ಗಣಿ ಇನ್ನೊಮ್ಮೆ ಮುಚ್ಚಿಹೋಗಬಾರದು ನೋಡಮ್ಮ, ಅನಾವರಣಕ್ಕೆ ಬಿಷಪ್ಪರೂ ಬರುತ್ತಾರೆ ಅಂತ.

ನಾಯಿಗಳ ಸರದಿ ಮುಗಿದ ಮೇಲೆ ಗಣಿಯನ್ನು ಮೇಜಿನ ಮೇಲೆ ಮಲಗಿಸಿ, ಮೂಲೆ ನೇರವಿದೆಯೇ ಅಂತ ನೋಡುವ ಕಬ್ಬಿಣದ ಮೂಲೆಮಟ್ಟ ಇಟ್ಟೆ. ಕಬ್ಬಿಣಕ್ಕೂ ಹಲಗೆಗೂ ನಡುವೆ ಬೆಳಕು ಕಾಣಿಸಿತು. ಸೊಟ್ಟ. ನನಗೇನೂ ಆಶ್ಚರ್ಯವಾಗಲಿಲ್ಲ. ಆರ್ವೋ ಹಲಗೆಯ ಒಳಗೆ ದೇವತೆಯ ಹಾಗೆ ಕೊಯ್ಯುತ್ತಾನೆ. ಹಲಗೆಯ ಹೊರ ಅಂಚನ್ನು ಮಾತ್ರ ಅಳೆಯುವವನಲ್ಲ. ಅವನ ಪ್ರತಿಯೊಂದು ಚಿತ್ರವೂ ಒಂದು ಪಕ್ಕಕ್ಕೆ ವಾಲುತ್ತಿತ್ತು. ನಾನು ಬಾಯಿ ಬಿಡದೆ, ಅದರ ಸೊಟ್ಟಕ್ಕೆ ತಕ್ಕಂತೆ ಪ್ರತಿ ಮೂಲೆಯನ್ನೂ ಚೂರು ಹೆಚ್ಚೋ ಕಡಿಮೆಯೋ ಕೊಯ್ದು, ನೋಡುವವರ ಕಣ್ಣಿಗೆ ನೆಟ್ಟಗೆ ಕಾಣುವ ಹಾಗೆ ಕೂರಿಸುತ್ತಿದ್ದೆ. ಸೊಟ್ಟಕ್ಕೆ ಸೊಟ್ಟ ಹೊಂದಿಸುವುದು ನೆಟ್ಟಗೆ ಕೊಯ್ಯುವುದಕ್ಕಿಂತ ಕಷ್ಟ, ಅಕ್ಕ. ಆ ವಿದ್ಯೆ ನನಗೆ ಬರುತ್ತದೆ ಅಂತ ಈ ಭೂಮಿಯ ಮೇಲೆ ನನ್ನೊಬ್ಬಳಿಗೇ ಗೊತ್ತಿತ್ತು.

ಈ ಸಲ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಅವನನ್ನು ಕರೆಸಿದೆ. ಬೆಳಕು ತೋರಿಸಿದೆ. ನಿನ್ನ ಮೂಲೆಮಟ್ಟವೇ ಸೊಟ್ಟ ಇರಬೇಕು ಅಂದ. ಮಟ್ಟ ಇಟ್ಟು ಒಂದು ಗೆರೆ ಎಳೆದೆ, ಮಟ್ಟವನ್ನು ಮಗುಚಿಟ್ಟು ಇನ್ನೊಂದು ಎಳೆದೆ. ಎರಡೂ ಒಂದರ ಮೇಲೊಂದು ಬಿದ್ದವು. ಮಟ್ಟ ಸರಿಯಾಗಿಯೇ ಇತ್ತು. ಆರ್ವೋ ಆ ಗೆರೆಯ ಮೇಲೆ ಬೆರಳಾಡಿಸಿದ.

“ಮುಂಚಿನವೂ?”

“ಎಲ್ಲಾನೂ.”

“ಮತ್ತೆ ನೀನ್ಯಾಕೆ ಒಂದ್ಸಲಾನೂ ಹೇಳ್ಲಿಲ್ಲ?”

“ನಿನ್ನ ಸೊಟ್ಟಕ್ಕೆ ನಾನು ಹೊಂದಿಸ್ತಿದ್ದೆ,” ಅಂದೆ. “ಬರೀ ಅಂಚು ತಾನೆ.”

ಆರ್ವೋ ಮಗುಚಿಟ್ಟ ಬಕೆಟ್ಟಿನ ಮೇಲೆ ಕೂತುಬಿಟ್ಟ. ಪತ್ರಿಕೆಯ ಹುಡುಗಿ ಬಂದ ದಿನ ಅವನಿಗೆ ಆಗ ನೆನಪಾಯಿತು ಅಂತ ಕಾಣುತ್ತದೆ, ಕಿವಿ ಕೆಂಪಾದವು. ಕ್ಷಮಿಸು ಅನ್ನುವ ಪದ ಆ ಮನೆತನದಲ್ಲೇ ಇಲ್ಲ ಅಂತ ನಿನಗೆ ಗೊತ್ತು. ಕೊನೆಗೆ, ಈ ಸಲ ಚೌಕಟ್ಟನ್ನು ನೆಟ್ಟಗೆ ಮಾಡು, ಚಿತ್ರವನ್ನೇ ಕೊಯ್ದು ಸರಿ ಮಾಡು ಅಂದ.

ಹೇಳಿದಷ್ಟು ಸುಲಭವಲ್ಲ. ಒಂದು ಪಕ್ಕದಿಂದ ಬೆಣೆಯಂಥ ಚೂರು ತೆಗೆಯಬೇಕು. ಮೇಲೆ ಏನೂ ಇಲ್ಲ, ಕೆಳಗೆ ಬೆರಳಿನ ದಪ್ಪ. ಬಲಗಡೆ ತೆಗೆದರೆ ಸಾಲಿನ ಕೊನೆಯ ಗಣಿಗಾರನ ಹಿಮ್ಮಡಿ ಹೋಗುತ್ತದೆ. ಎಡಗಡೆ ತೆಗೆದರೆ ಆರ್ವೋ ಕೊರೆದಿದ್ದ ತನ್ನದೇ ಹೆಸರು ಹೋಗುತ್ತದೆ. ಆ ಕೊನೆಯ ಗಣಿಗಾರ ಎಲ್ಲರಿಗಿಂತ ಒಂದಷ್ಟು ಹಿಂದೆ, ಎಡ ಭುಜ ಇಳಿಸಿ, ಊಟದ ಡಬ್ಬಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಓಡುನಡಿಗೆಯಲ್ಲಿದ್ದಾನೆ. ರಜಾಯಿ ಬಿಚ್ಚಿದ ಗಳಿಗೆಯಲ್ಲೇ ನನಗೆ ಗುರುತು ಹತ್ತಿತ್ತು. ಪಾಳಿಗೆ ಯಾವತ್ತೂ ಹೊತ್ತಿಗೆ ಸರಿಯಾಗಿ ಹೋಗದ ಮನುಷ್ಯ ಈ ಊರಿನಲ್ಲಿ ಒಬ್ಬನೇ ಅಲ್ಲವೇ, ಅಕ್ಕ?

“ಅದು ನಿಮ್ಮಪ್ಪ,” ಅಂದ ಆರ್ವೋ, ನನಗೆ ಗೊತ್ತಿಲ್ಲವೇನೋ ಅನ್ನುವ ಹಾಗೆ. “ಅವರ ಕಾಲು ಮುಟ್ಬೇಡ. ಹೆಸರು ಹೋಗ್ಲಿ.”

ಅವನು ಹೊರಗೆ ಹೋದ. ನೋಡಲಾರೆ ಅಂತ ಬಾಯಿಬಿಟ್ಟು ಹೇಳಲಿಲ್ಲ. ಸೌದೆ ಒಡೆದು ಕೊಡುತ್ತೇನೆ ಅಂದ. ಒಡೆದಿಟ್ಟ ಸೌದೆ ಆಗಲೇ ಗೋಡೆಯೆತ್ತರ ಇತ್ತು. ನಾನು ಚಿತ್ರವನ್ನು ಎರಡು ತೆಳು ಹಲಗೆಗಳ ನಡುವೆ ಒತ್ತಿ, ಟೇಪು ಸುತ್ತಿ, ಗರಗಸಕ್ಕೆ ಹೊಸ ಅಲಗು ಹಾಕಿದೆ. ಇಷ್ಟು ವರ್ಷದಲ್ಲಿ ಅವನು ಕೊಯ್ದದ್ದರ ಮೇಲೆ ನನ್ನ ಗರಗಸ ಒಮ್ಮೆಯೂ ಬಿದ್ದಿರಲಿಲ್ಲ. ಒಂದು ಕಡೆ ಅಲಗು ಸಿಕ್ಕಿಕೊಂಡರೂ ಗೋಪುರದ ಹೆಣಿಗೆ ಪುಡಿಪುಡಿ, ಅವನ ಚಳಿಗಾಲ ಒಲೆಗೆ. ಅಲುಗಾಡುವ ಕೈ ಗರಗಸದ ಹತ್ತಿರ ಬರಬಾರದು ಅಂತ ಅಪ್ಪ ಹೇಳುತ್ತಿದ್ದನಲ್ಲ. ಕಾಫಿ ಕುಡಿದು, ಕೈ ಸುಮ್ಮನಾಗುವವರೆಗೆ ಕಾದೆ. ಆಮೇಲೆ ತಳ್ಳಿದೆ, ಒಂದೇ ಸಮ, ಎಲ್ಲೂ ನಿಲ್ಲಿಸದೆ. ಹಲಗೆ ಬಿಚ್ಚಿದಾಗ ಒಂದು ಎಳೆಯೂ ಮುರಿದಿರಲಿಲ್ಲ. ಮೂಲೆಮಟ್ಟ ಇಟ್ಟೆ. ಬೆಳಕು ನುಸುಳಲಿಲ್ಲ.

ಬಾಗಿಲು ತೆಗೆದೆ. ನನ್ನ ಮುಖ ನೋಡಿ ಆರ್ವೋ ಕೊಡಲಿ ಕೆಳಗಿಟ್ಟ.

ಚೌಕಟ್ಟಿಗೆ ಹಾಕಿದ್ದು ನಾನು ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಆ ಚೆರ್ರಿ. ನಾಲ್ಕು ಪಟ್ಟಿಯನ್ನೂ ಒಂದೇ ಹಲಗೆಯಿಂದ ಸೀಳಿದೆ. ಮರದ ಎಳೆಗಳ ಗೆರೆ ಮೂಲೆಯಿಂದ ಮೂಲೆಗೆ ಕಡಿಯದೆ ಸುತ್ತಿಕೊಂಡು ಹರಿಯುತ್ತದೆ. ಎಣ್ಣೆ ಬಿದ್ದ ಮೇಲೆ ಬಣ್ಣ ಗಣಿಯ ತಾಮ್ರದ ಹಾಗೆ ಬಂತು. ನಾನು ಮಾಡಿದ್ದರಲ್ಲೆಲ್ಲ ಇದೇ ಒಳ್ಳೆಯದು. ಇನ್ನೊಬ್ಬರು ಹೇಳಲಿ ಅಂತ ಕಾಯುವ ವಯಸ್ಸು ದಾಟಿತು, ನಾನೇ ಹೇಳುತ್ತೇನೆ.

ಅನಾವರಣಕ್ಕೆ ಸಭಾಭವನ ತುಂಬಿತ್ತು. ಬಟ್ಟೆ ಸರಿಸಿದಾಗ ಹಳೆಯ ಗಣಿಗಾರರಲ್ಲಿ ಉಳಿದವರು ಟೋಪಿ ತೆಗೆದರು. ಬರ್ನಿಸ್ ಕನ್ನಡಕ ಏರಿಸಿ ಚಿತ್ರದ ಮೂಲೆ ಮೂಲೆ ಹುಡುಕಿ, ಎಲ್ಲರೆದುರೇ ಕೇಳಿದಳು: ಹೆಸರೇ ಇಲ್ಲವಲ್ಲ ಆರ್ವೋ, ನಾಚಿಕೆಯೇ? ಸಭೆಯಲ್ಲಿ ಒಂದು ಸಲವೂ ಬಾಯಿ ತೆರೆಯದ ಮನುಷ್ಯ ಎದ್ದು ನಿಂತ. ಎರಡು ಕೈಯಲ್ಲೂ ಟೋಪಿ ಹಿಂಡುತ್ತಿದ್ದ.

“ಚಿತ್ರ ಕೊಯ್ದಿದ್ದು ನಾನು,” ಅಂದ. “ಅದು ನೆಟ್ಟಗೆ ನಿಂತಿರೋದು ತೈಮಿಯಿಂದ. ನಿಮ್ಮ ಮನೆ ಗೋಡೆ ಮೇಲಿರೋ ನನ್ನ ಚಿತ್ರಗಳೂ ಅಷ್ಟೆ. ಎಲ್ಲಾನೂ ಸೊಟ್ಟ. ನಂಬಿಕೆ ಇಲ್ದಿದ್ರೆ ಮನೇಗೆ ಹೋಗಿ ಬಿಚ್ಚಿ ನೋಡಿ.”

ಜನ ನಕ್ಕರು. ಆಮೇಲೆ ಬಿಷಪ್ಪರೂ ಸೇರಿ ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ನಾನು ಕಾಫಿ ಬಗ್ಗಿಸಲು ಹೊರಟುಹೋದೆ ಅಂತ ಬರ್ನಿಸ್ ನಿನಗೆ ಹೇಳಿರುತ್ತಾಳೆ. ಅದು ನಿಜ. ಕಾಫಿ ಯಾರಿಗೂ ಬೇಕಿರಲಿಲ್ಲ ಅನ್ನುವುದೂ ನಿಜ.

ನೀನು ಬೇಸಗೆಯಲ್ಲಿ ಬಂದಾಗ ಮೊದಲು ಸಭಾಭವನಕ್ಕೆ ಹೋಗೋಣ. ಅಪ್ಪನ ಹಿಮ್ಮಡಿ ಅಂಚಿಗೆ ತಾಗುವುದಕ್ಕೆ ಒಂದು ಕೂದಲೆಳೆ ಬಾಕಿ. ಇನ್ನೂ ಓಡುತ್ತಲೇ ಇದ್ದಾನೆ.

ಜಂಬದಲ್ಲಿ ತೇಲುತ್ತಿರುವ ನಿನ್ನ ತಂಗಿ,
ತೈಮಿ

ಮತ್ತೊಂದು ಮಾತು: ಆರ್ವೋ ಮನೆಗೆ ವಾಪಸ್ ಕರೆದನೇ ಅಂತ ನೀನು ಕೇಳುತ್ತೀಯ. ಕರೆದ. ಬರುವುದಿಲ್ಲ, ನನ್ನ ಗ್ಯಾರೇಜು ಇಲ್ಲಿದೆ ಅಂದೆ. ಬೇಕಾದರೆ ಶನಿವಾರ ಸಂಜೆ ಇಲ್ಲಿಗೆ ಸೌನಾದ ಹಬೆಸ್ನಾನಕ್ಕೆ ಬಾ, ಮೀಯುವುದು ಮುಗಿದ ಮೇಲೆ ನಿನ್ನ ಮನೆಗೆ ಹೋಗು ಅಂದೆ. ಹೋದ ವಾರದ ಶನಿವಾರ ಹಿಮ ಜೋರಾಗಿ ಬಿದ್ದು ರಸ್ತೆ ಮುಚ್ಚಿತ್ತು, ಅವನಿಗೆ ಮನೆಗೆ ಹೋಗಲಾಗಲಿಲ್ಲ. ನಿನ್ನೆ ಶನಿವಾರ ಹಿಮ ಬೀಳಲಿಲ್ಲ. ಅವನ ಟ್ರಕ್ಕು ಇನ್ನೂ ನನ್ನ ಅಂಗಳದಲ್ಲೇ ಇದೆ. ಬರ್ನಿಸ್‌ಗೆ ಹೇಳಬೇಡ.