ರೇಷನ್ ಕಾರ್ಡಿನಲ್ಲಿ ಉಳಿದ ಹೆಸರು

ಹೊನ್ನಾಳಿ
ಸೋಮವಾರ

ಅಪ್ಪಾಜಿಗೆ ವನಜಾಕ್ಷಿಯ ನಮಸ್ಕಾರ.

ನನ್ನ ಸ್ಕಾಲರ್‌ಶಿಪ್ ಅರ್ಜಿ ವಾಪಸ್ ಬಂತು. ನಾನು ಜೆರಾಕ್ಸ್ ಅಂಗಡಿಯಲ್ಲಿ ದುಡಿದು ಒಬ್ಬಳೇ ಓದಿಕೊಂಡಿದ್ದರೂ ನಿಮ್ಮ ಮೇಷ್ಟ್ರುಗಿರಿಯ ಸಂಬಳವನ್ನೇ ನನ್ನ ಆದಾಯವೆಂದು ಹಿಡಿದಿದ್ದಾರೆ. "ನಿಮ್ಮಪ್ಪನ ರೇಷನ್ ಕಾರ್ಡಿನಾಗೆ ನಿನ್ನ ಹೆಸರು ಇನ್ನೂ ಐತಲ್ಲಮ್ಮ, ತೆಗೆಸ್ಕೊಂಡು ಬಾ" ಎಂದರು ನಾಡಕಚೇರಿಯವರು.

ಮದುವೆ ಒಲ್ಲೆನೆಂದು ನಾನು ಬಿಳಿಚೋಡು ಬಿಟ್ಟ ದಿನ, "ಈ ಮನೆಗೂ ನಿನಗೂ ಮುಗೀತು" ಎಂದಿದ್ದಿರಿ. ಹೆಸರನ್ನು ಮರುದಿನವೇ ತೆಗೆಸಿರುತ್ತೀರಿ ಎಂದು ಮೂರು ವರ್ಷ ಅಂದುಕೊಂಡೇ ಇದ್ದೆ.

ಈ ತಿಂಗಳೊಳಗೆ ದಯವಿಟ್ಟು ತೆಗೆಸಿಕೊಡಿ. ಮಷಿನ್ನಿನ ಮೇಲೆ ನಿಮ್ಮ ಹೆಬ್ಬೆಟ್ಟಿಟ್ಟರೆ ಸಾಕಂತೆ, ನಾನು ಬರಬೇಕಿಲ್ಲವಂತೆ.

ಅದಕ್ಕೂ ಮುಂಚೆ, ನನ್ನ ಹೆಸರು ಇರುವಾಗಲೇ, ಕಾರ್ಡಿನದೊಂದು ಜೆರಾಕ್ಸ್ ಮಾಡಿಸಿ ಕಳಿಸಿ. ಅರ್ಜಿಗೆ ಅದನ್ನು ಯಾರೂ ಕೇಳಿಲ್ಲ.

ಇಂತಿ, ನಿಮ್ಮ ಮಗಳು
ವನಜಾಕ್ಷಿ