ಸ್ನಾನದ ತೊಟ್ಟಿಯಲ್ಲಿ ಹೂತ ಕರಸ್

ರುಮೈಥಿಯಾ, ಕುವೈತ್
ನವೆಂಬರ್ 23

ಪ್ರೀತಿಯ ಮೊಲ್ಲಿ,

‘ಮಣ್ಣು ಕಾಯುತ್ತದೆ, ಮನುಷ್ಯ...’ ಎಂದೇನೋ ಒಂದು ಸಾಲು. ಎಂ.ಎ. ಓದುವಾಗ ನಿನ್ನ ನೋಟ್‌ಬುಕ್ಕಿನ ಹಿಂದೆ ಬರೆದಿದ್ದೆಯಲ್ಲ? ಮುಂದಿನದು ಮರೆತಿದ್ದೇನೆ. ಮಣ್ಣಾದರೂ ಕಾಯುತ್ತದೆಯೇ? ಈ ವಾರವೆಲ್ಲ ಅದೇ ಅನುಮಾನ. ನಿನ್ನ ಎರಡು ಪತ್ರಗಳಿಗೆ ಉತ್ತರಿಸಲಿಲ್ಲ, ಬೈಯಬೇಡ. ಇದನ್ನು ಊರಿಗೆ ಹೊರಟ ಟೀನಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಓದಿ ಹರಿದುಹಾಕು.

ಎದುರು ಫ್ಲ್ಯಾಟಿನ ಅರಾಕ್ಸಿ ಆಂಟಿ ಸಿರಿಯಾದ ಅಲೆಪ್ಪೊದಲ್ಲಿ ಹುಟ್ಟಿದ ಆರ್ಮೇನಿಯನ್. ಎಪ್ಪತ್ತೆರಡು ವರ್ಷ, ಇನ್ನೂ ಮದುವೆಯ ಬಟ್ಟೆ ಹೊಲಿಯುತ್ತಾರೆ. ಆಗಸ್ಟಿನಲ್ಲಿ ಒಂದು ಬಟ್ಟಲು ದ್ರಾಕ್ಷಿ ಕೊಟ್ಟರೆ ಮುಟ್ಟಲಿಲ್ಲ. “ಇಗರ್ಜಿಯಲ್ಲಿ ಆಶೀರ್ವದಿಸುವ ತನಕ ನಾವು ಬಾಯಿಗೆ ಹಾಕುವುದಿಲ್ಲ, ಹಬೀಬ್ತಿ” ಎಂದರು. ಹಬೀಬ್ತಿ ಎಂದರೆ ನನ್ನ ಮುದ್ದು ಎಂದಂತೆ. ಮೊಂತಿ ಫೆಸ್ತಿನಲ್ಲಿ ತೆನೆ ಆಶೀರ್ವದಿಸುವ ತನಕ ಹೊಸ ಭತ್ತ ಮುಟ್ಟದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಅಂದಿನಿಂದ ಗೆಳೆತನ.

ಅವರ ನಾಡಿನ ಒಂದು ಗುಹೆಯಲ್ಲಿ ಆರು ಸಾವಿರ ವರ್ಷ ಹಿಂದಿನ ದ್ರಾಕ್ಷಿ ತುಳಿಯುವ ತೊಟ್ಟಿ ಸಿಕ್ಕಿದೆಯಂತೆ. ಪಕ್ಕದಲ್ಲೇ ಸಮಾಧಿಗಳೂ ಇದ್ದವಂತೆ. ವೈನ್ ತುಂಬುವ ದೊಡ್ಡ ಮಣ್ಣಿನ ಹಂಡೆಗೆ ಕರಸ್ ಎಂದು ಹೆಸರು; ಕತ್ತಿನವರೆಗೆ ನೆಲದಲ್ಲಿ ಹೂಳುತ್ತಾರೆ. ತುರ್ಕರು ಊರಿನಿಂದ ಓಡಿಸಿದಾಗ ಅವರ ಅಜ್ಜಿ ಜೊತೆಗೆ ತಂದದ್ದು ಆ ವಿದ್ಯೆಯೊಂದನ್ನೇ. ನಾಲ್ಕನೇ ಮಹಡಿಯಲ್ಲಿ ನೆಲವೆಲ್ಲಿ? ಆಂಟಿ ಸ್ನಾನದ ತೊಟ್ಟಿಗೆ ಮರಳು ತುಂಬಿ ಹೂತಿದ್ದಾರೆ! ನನಗೆ ತೋರಿಸಿದಾಗ ನಕ್ಕೆ. ಆಮೇಲೆ ಹೆದರಿದೆ; ಈ ದೇಶದಲ್ಲಿ ವೈನ್ ಮಾಡುವುದೇ ಅಪರಾಧವಲ್ಲವೇ.

ಹೋದ ವಾರ ನಾನೂ ಅಮ್ಮನ ಕ್ರಮದಲ್ಲೇ ಕ್ರಿಸ್ಮಸ್ಸಿಗೆ ವೈನ್ ಹಾಕಿದೆ. ದ್ರಾಕ್ಷಿ, ಸಕ್ಕರೆ, ಗೋಧಿ, ಯೀಸ್ಟ್, ಭರಣಿಯ ಬಾಯಿಗೆ ಬಟ್ಟೆ. ನನ್ನ ಯಜಮಾನರು ಪಾಯಸ್ ಶುವೈಖ್‌ನ ಕೆಲಸದಿಂದ ಬಂದವರೇ ಬಾಗಿಲಲ್ಲಿ ನಿಂತರು. “ನಿನಗೆ ತಲೆ ಉಂಟಾ ಮಾರಾಯ್ತಿ? ಲಿಫ್ಟಿನ ತನಕ ವಾಸನೆ! ಸಿಕ್ಕಿದ್ರೆ ಖಲಾಸ್, ಸೀದಾ ವಿಮಾನ.” ನಮಗೆ ಇಳಿಯಲು ಮಂಗಳೂರಾದರೂ ಇದೆ. ಆಂಟಿಗೆ ಅಲೆಪ್ಪೊದಲ್ಲಿ ಮನೆಯೇ ಉಳಿದಿಲ್ಲ.

ನಿನ್ನೆ ಪರಿಚಯವಿಲ್ಲದ ಇಬ್ಬರು ನಮ್ಮ ಮಹಡಿಯಲ್ಲಿ ಸ್ವಲ್ಪ ಹೊತ್ತು ನಿಂತು, ಯಾವ ಮನೆಯ ಬೆಲ್ಲನ್ನೂ ಒತ್ತದೆ ಇಳಿದುಹೋದರು.

ನಿನ್ನ ಮನೆಯ ಬಾಗಿಲನ್ನು ದೇವರು ಕಾಯಲಿ. ಮಕ್ಕಳಿಗೆ ನನ್ನ ಮುತ್ತು.

ನಿನ್ನ,
ವೆಲಿಟಾ

ಮರೆತ ಮಾತು: ಮರೆತದ್ದಲ್ಲ ಮೊಲ್ಲಿ, ಬರೆಯಲಾಗಲಿಲ್ಲ. ಗುರುವಾರ ನಮ್ಮ ವಾಚ್‌ಮನ್, ಬಂಟ್ವಾಳದ ಅಬ್ದುಲ್ ಲತೀಫ್, ಕೇಳಿದ: “ಎಂತ ಅಕ್ಕಾ, ಇಲ್ಲಿ ಹುಳಿ ಹುಳಿ ವಾಸನೆ? ಓನರ್ ನನ್ನನ್ನು ಬಿಡುವುದಿಲ್ಲ. ಯಾರ ಮನೆಯದ್ದು?” ನಾನು ಎದುರಿನ ಬಾಗಿಲು ತೋರಿಸಿದೆ. ಅವರ ಕರಸಿಗೆ ಸೆಪ್ಟೆಂಬರಿನಲ್ಲೇ ಮೇಣ ಮೆತ್ತಿ ಆಗಿದೆ. ಹತ್ತಿರ ಕೂತರೂ ವಾಸನೆಯಿಲ್ಲ. ವಾಸನೆ ನನ್ನದು.

ಇವತ್ತು ಬೆಳಿಗ್ಗೆ ಆಂಟಿ ನನ್ನ ಬಾಗಿಲು ತಟ್ಟಿದರು. ಒಳಗೆ ಬರಲಿಲ್ಲ. “ನಾಳೆ ಓನರ್ ಪೊಲೀಸರನ್ನು ಕರೆತರುತ್ತಾರಂತೆ, ನನ್ನ ಬಗ್ಗೆ ಯಾರು ಹೇಳಿದರೋ. ನಿನ್ನದೂ ಒಂದು ಇದೆ, ನನಗೆ ಗೊತ್ತು. ಈಗಲೇ ಚೆಲ್ಲಿ, ಭರಣಿಯನ್ನು ಉಪ್ಪು ಹಾಕಿ ತೊಳೆ. ವಾಸನೆಯೆಲ್ಲ ನನ್ನ ಮನೆಯದೇ ಅಂತ ಹೇಳುತ್ತೇನೆ, ಹಬೀಬ್ತಿ.”