ಪಿತ್ತಕೋಶದ ಗೋಡೆ

ಮಾರ್ಚ್ ೧೧, ಸೋಮವಾರ
ಪ್ರಯೋಗಾಲಯ, ಎರಡನೇ ಮಹಡಿ

ಗುಬ್ಬಿಯ ಅಪ್ಪನಿಗೆ,

ನೀವು ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ನನ್ನದನ್ನು ಎತ್ತದಿರುವುದು ಹೊಸದೇನಲ್ಲ. ಸರ್ಜನ್ ಮಾಡಿದರೂ ಎತ್ತುತ್ತಿಲ್ಲವಂತೆ. ಆಪರೇಷನ್ ಆಯಿತು, ಕಲ್ಲು ಹೋಯಿತು, ಇನ್ನೇನು ಎಂದುಕೊಂಡಿದ್ದೀರಿ. ಆ ಕಲ್ಲುಗಳನ್ನು ಡಬ್ಬಿಗೆ ಹಾಕಿಸಿಕೊಂಡು ಹೋಗಿ, ಅಂಗಡಿಯಲ್ಲಿ ಹೊಲಿಗೆ ಯಂತ್ರದ ಬಿಡಿಭಾಗಗಳ ಪಕ್ಕ ಇಟ್ಟಿದ್ದೀರಂತೆ. "ಅಪ್ಪ ಏನೋ ಪದಕ ಬಂದ ಹಾಗೆ ಎಲ್ರಿಗೂ ತೋರಿಸ್ತಾರೆ ಕಣಮ್ಮ" ಎಂದಳು ಗುಬ್ಬಿ.

ಕಲ್ಲು ಮುಖ್ಯವಲ್ಲ, ಅದು ಕೂತಿದ್ದ ಚೀಲ, ಆ ಪಿತ್ತಕೋಶ, ಮುಖ್ಯ. ಅದು ಪರೀಕ್ಷೆಗೆ ನಮ್ಮಲ್ಲಿಗೇ ಬಂತು. ಶೀಸೆಯ ಮೇಲೆ ನಿಮ್ಮ ಹೆಸರು ನೋಡಿ ಪಕ್ಕದ ಮೇಜಿನ ಡಾಕ್ಟರಿಗೆ ದಾಟಿಸಿದೆ. ಗುರುತಿನವರದನ್ನು ನಾವೇ ನೋಡಬಾರದು ಎಂಬುದು ನಿಯಮ. ವರದಿ ಅವಳದೇ. ಆಮೇಲೆ ಸ್ಲೈಡ್ ಮಾತ್ರ ನನಗೂ ತೋರಿಸಿದಳು.

ಆರೋಗ್ಯವಾಗಿದ್ದರೆ ಪಿತ್ತಕೋಶದ ಗೋಡೆ ತೆಳ್ಳಗೆ, ಒಳಮೈ ಮಕಮಲ್ಲಿನಂತೆ. ನಿಮ್ಮದು ಚಪ್ಪಲಿಯ ಅಟ್ಟೆಯ ಹಾಗೆ ದಪ್ಪ, ಗಡಸು. ಕಲ್ಲು ಉಜ್ಜಿ ಉಜ್ಜಿ ಒಳಪದರ ಅಲ್ಲಲ್ಲಿ ಸವೆದಿದೆ. ಸವೆದ ಜಾಗದಲ್ಲಿ ಬೆಳೆದಿರುವ ಜೀವಕೋಶಗಳು ಕರುಳಿನವುಗಳಂತೆ ಕಾಣುತ್ತವೆ. ಪೆಟ್ಟು ತಿನ್ನುತ್ತಲೇ ಇರುವ ಜಾಗ ಹೀಗೆ ರೂಪ ಬದಲಿಸಿಕೊಳ್ಳುವುದುಂಟು. ಅಷ್ಟೇ ಆಗಿದ್ದರೆ ನಾನು ಬರೆಯುತ್ತಿರಲಿಲ್ಲ. ಚೀಲದ ಕುತ್ತಿಗೆಯಲ್ಲಿ, ಸರ್ಜನ್ ಕತ್ತರಿಸಿದ ಅಂಚಿನಲ್ಲೇ, ಜೀವಕೋಶಗಳು ಸಾಲು ತಪ್ಪಿ ಕಪ್ಪಗೆ ಒತ್ತೊತ್ತಾಗಿ ನಿಂತಿವೆ. ಇದು ಕ್ಯಾನ್ಸರ್ ಅಲ್ಲ. ಹಾಗೇ ಬಿಟ್ಟರೆ ಆಗಬಹುದು. ಆ ಕುತ್ತಿಗೆಯಿಂದ ಪಿತ್ತ ಹರಿಯುವ ನಾಳದಲ್ಲಿ ಒಳಗೆ ಉಳಿದಿರುವ ತುಂಡನ್ನೂ ತೆಗೆದು ನೋಡಬೇಕು. ಗುರುವಾರ ಬೆಳಿಗ್ಗೆ ಸರ್ಜನ್ ನಿಮಗಾಗಿ ಕಾಯುತ್ತಾರೆ.

ಇನ್ನೊಂದು ವಿಷಯ. ಗೋಡೆ ಅಷ್ಟು ದಪ್ಪವಾಗಲು ವರ್ಷಗಳೇ ಹಿಡಿಯುತ್ತವೆ. ಎಂದರೆ, ನಾವು ಒಂದೇ ಮನೆಯಲ್ಲಿದ್ದಾಗಲೇ ಇದು ಶುರುವಾಗಿರಬೇಕು. ಊಟದ ಮಧ್ಯೆ ಎದ್ದು ಹೋಗಿ ಬಾಲ್ಕನಿಯಲ್ಲಿ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಿರಿ. ಏನಾಯ್ತು ಅಂದರೆ, "ಏನಿಲ್ಲ, ನೀನು ಊಟ ಮಾಡು" ಅನ್ನುತ್ತಿದ್ದಿರಿ. ನನ್ನ ಅಡುಗೆ ಹಿಡಿಸುತ್ತಿಲ್ಲ ಅಂದುಕೊಂಡೆ, ಆಮೇಲೆ ನನ್ನ ಮಾತು, ಕೊನೆಗೆ ನಾನೇ. ಇಬ್ಬರೂ ಸಾಕಷ್ಟು ಕೂಗಾಡಿದೆವು. ನೀವು ಅಂಗಡಿಯ ಮೇಲಿನ ಕೋಣೆ ಸೇರಿದಿರಿ. ರೋಗ ಹುಡುಕುವುದೇ ಕೆಲಸವಾದವಳ ಎದುರು ತಟ್ಟೆಯಿಟ್ಟುಕೊಂಡು ಕೂತು ನೋವನ್ನು ಮುಚ್ಚಿಟ್ಟಿರಿ. ನನಗೂ ಕಾಣಲಿಲ್ಲ.

ಎಲ್ಲ ಜಗಳಕ್ಕೂ ಪಿತ್ತಕೋಶವೇ ಕಾರಣವೆಂದು ನಾನು ಹೇಳುತ್ತಿಲ್ಲ. ಕೆಲವು ಅಸಲಿ ಜಗಳಗಳೇ. ಆದರೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದದ್ದು ನೋವಿಗೋ ನನ್ನ ಮೇಲಿನ ಬೇಸರಕ್ಕೋ, ಅದನ್ನು ನಿಮ್ಮ ಬಾಯಿಂದಲೇ ಕೇಳಬೇಕು. ಸ್ಲೈಡಿನಲ್ಲಿ ಅದು ಗೊತ್ತಾಗುವುದಿಲ್ಲ.

ಗುರುವಾರ ಗುಬ್ಬಿಗೆ ಪರೀಕ್ಷೆ, ಅವಳು ಜೊತೆಗೆ ಬರಲಾರಳು. ನಾನು ರಜೆ ಹಾಕಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಬನ್ನಿ.

ಇಂತಿ,
ಗುಬ್ಬಿಯ ಅಮ್ಮ

ಮರೆತಿದ್ದೆ: ಶೀಸೆ ದಾಟಿಸಿದಾಗ ಪಕ್ಕದ ಮೇಜಿನವಳು, "ಯಾಕೆ, ಇವರು ನಿಮಗೆ ಏನಾಗಬೇಕು?" ಎಂದು ಕೇಳಿದಳು. "ನಮ್ಮನೆಯವರು" ಎಂದೆ. ಬೇರೆ ಪದ ತಕ್ಷಣ ಸಿಗಲಿಲ್ಲ. ಆಮೇಲೂ ಹುಡುಕಲಿಲ್ಲ.